ಎಡಗಾಲಿನ ಕೆಂಪು ಬಳೆ

"ಪಕ್ಷಿದು ಲೆಫ್ಟ್, ಆಂಟಿ. ನಿಮ್ಮ ಲೆಫ್ಟ್ ಅಲ್ಲ."

ಗಿರಿಜಾಳ ಬಲಗೈ ಹೋಟೆಲಿನ ಮೇಜಿನ ಮೇಲೆ ಎರಡು ಬೆರಳೂರಿ ನಿಂತಿತ್ತು. ತೋರುಬೆರಳು ಹಕ್ಕಿಯ ಎಡಗಾಲು, ನಡುಬೆರಳು ಬಲಗಾಲು. ಎಡಗಾಲಿಗೆ ನಿತಿನ್ ಒಂದು ಕೆಂಪು ರಬ್ಬರ್ ಬ್ಯಾಂಡ್ ಸುತ್ತಿದ್ದ. ಬಲಗಾಲಿಗೆ ಮೇಲೊಂದು ಹಳದಿ, ಕೆಳಗೊಂದು ಹಸಿರು. ಸಾಂಬಾರಿನ ಪಾರ್ಸೆಲ್ ಕಟ್ಟುವುದಕ್ಕೆಂದು ಗಲ್ಲೆಯ ಮೇಲಿಟ್ಟಿದ್ದ ಡಬ್ಬಿಯಿಂದ ಬಣ್ಣ ನೋಡಿ ಆರಿಸಿ ತಂದಿದ್ದ.

"ಈಗ ಪಕ್ಷಿ ನಿಮಗೆ ಪೀಠ್, ಬೆನ್ನು ಮಾಡಿ ನಿಂತಿದೆ. ರೆಡ್ ನಿಮಗೆ ಲೆಫ್ಟ್‌ನಲ್ಲಿ ಕಾಣ್ತದೆ. ನಾನು ಸಾಮ್ನೆ ಇದ್ದೇನೆ, ನನಗೆ ರೈಟ್‌ನಲ್ಲಿ ಕಾಣ್ತದೆ. ಆದರೂ ನಾನು ಬರೆಯೋದು ಲೆಫ್ಟ್ ರೆಡ್ ಅಂತಾನೇ. ಕಾಲು ಯಾರದು? ಪಕ್ಷಿದು."

ಸೂರತ್ ಸ್ಟೇಷನ್ನಿನ ಎದುರಿನ ಈ ಉಡುಪಿ ಹೋಟೆಲಿನ ಮಾಲೀಕ ಚಂದ್ರಶೇಖರರ ಮಗ ನಿತಿನ್. ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡ ಅವನ ನಾಲಿಗೆಯ ಮೇಲೆ ಬಾಡಿಗೆಗೆ ಇದ್ದಂತಿತ್ತು. ವಡೋದರಾದ ಒಂದು ಸಂಶೋಧನಾ ಕೇಂದ್ರದಲ್ಲಿ ವನ್ಯಜೀವಿ ಸಂರಕ್ಷಣೆಯ ಎಂ.ಎಸ್ಸಿ. ಓದುತ್ತಿದ್ದಾಗ ಅವನೂ ಗಿರಿಜಾಳ ಮಗಳು ವಿಂಧ್ಯಾಳೂ ಒಂದೇ ಕೆರೆಯ ಮೇಲೆ ಕೆಲಸ ಮಾಡಿದ್ದರು. ಚೌತಿಯ ಮರುದಿನ ವಿಂಧ್ಯಾಳ ದೇಹ ಅದೇ ರಾಣಾಸರ್ ಕೆರೆಯಲ್ಲಿ ತೇಲಿತ್ತು. ಅಲ್ಲಿಂದೀಚೆಗೆ ನಿತಿನ್ ವಡೋದರಾದ ಕಡೆ ತಲೆ ಹಾಕಿರಲಿಲ್ಲ.

ಪೊಲೀಸರು ಕಾಲು ಜಾರಿ ಬಿದ್ದಳೆಂದು ಬರೆದು ಮುಗಿಸಿದ್ದರು. ಅವಳ ಮಾರ್ಗದರ್ಶಕ ಡಾ. ಶ್ರೀಪಾದ ಬೇರೆಯೇ ಹೇಳುತ್ತಿದ್ದರು. ರಾಣಾಸರ್‌ನಲ್ಲಿ ಸಾರಸ ಹಕ್ಕಿ ಗೂಡು ಕಟ್ಟಲೇ ಇಲ್ಲ, ಹುಡುಗಿ ಪ್ರಬಂಧದಲ್ಲಿ ಸುಳ್ಳು ಬರೆದಳು, ಸಿಕ್ಕಿಬಿದ್ದಳು, ಮುಖ ತೋರಿಸಲಾಗದೆ ನೀರಿಗೆ ಹಾರಿದಳು. ಇವತ್ತು ಸಂಜೆ ಕೇಂದ್ರದ ಸಮಿತಿ ಸೇರಿ ಆ ಪ್ರಬಂಧವನ್ನು ಸುಳ್ಳೆಂದು ತಳ್ಳಿಹಾಕುವುದಿತ್ತು. ಹಾಗಾದರೆ ವಿಂಧ್ಯಾ ಎರಡನೆಯ ಸಲ ಸತ್ತಂತೆ. ಮೊದಲನೆಯದಕ್ಕೆ ಬಂದು ಅತ್ತವರೇ ಎರಡನೆಯದಕ್ಕೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ ಎಂಬುದು ಗಿರಿಜಾಗೆ ಗೊತ್ತಿತ್ತು. ಅಹಮದಾಬಾದಿನಲ್ಲಿ ಅವಳ ಮನೆಯಿದ್ದ ಮಣಿನಗರದ ಕನ್ನಡ ಹೆಂಗಸರ ಭಜನೆಯಲ್ಲಿ ಅದು ಆಗಲೇ ಶುರುವಾಗಿತ್ತು. ಬ್ಯಾಂಕಿನವರ ಮನೆಯ ಹುಡುಗಿ, ಕೆರೆ ಕಟ್ಟೆ ಎಂದು ಗಂಡುಹುಡುಗರ ಜೊತೆ ತಿರುಗಲು ಬಿಟ್ಟರೆ ಇನ್ನೇನಾಗುತ್ತದೆ ಎಂದು ಸುಶೀಲಾ ಹೇಳಿದ್ದು ಅಡುಗೆಮನೆಯವರೆಗೂ ಕೇಳಿಸಿತ್ತು. ಕೇಳಿಸಲಿ ಎಂದೇ ಹೇಳಿದ್ದು.

"ಕೆಂಪು ಯಾಕೆ ಎಡಗಾಲಿಗೆ?" ಗಿರಿಜಾ ಕೇಳಿದಳು.

ಅದು ತಾವಿಬ್ಬರೇ ಮಾಡಿಕೊಂಡ ನಿಯಮ ಎಂದ ನಿತಿನ್. ಆ ಮಳೆಗಾಲದಲ್ಲಿ ಮರಿಗಳಿಗೆ ಬಣ್ಣದ ಬಳೆ ತೊಡಿಸುವಾಗ ಎಡಗಾಲು ಕೆರೆಗೆ, ಬಲಗಾಲು ಮರಿಗೆ. ಎಡಗಾಲಿನಲ್ಲಿ ಕೆಂಪು ಇದ್ದರೆ ಅದು ರಾಣಾಸರ್‌ನದು. ನೀಲಿಯಿದ್ದರೆ ದೇವ್ಕಾ ಕೆರೆಯದು. ಬಲಗಾಲಿನ ಬಣ್ಣ ಆ ಮರಿಯ ಹೆಸರಿದ್ದ ಹಾಗೆ. ರಾಣಾಸರ್‌ನ ಮರಿಯನ್ನು ನಿತಿನ್ ತೋಳಿನಲ್ಲಿ ಅವುಚಿ ಹಿಡಿದಿದ್ದ, ವಿಂಧ್ಯಾ ಬಳೆ ತೊಡಿಸಿದ್ದಳು. ಇನ್ನೂ ಹಾರಲು ಬಾರದ ಮರಿ. ಹಾರಲು ಬಾರದ ಮರಿ ಬೇರೆ ಊರಿನಿಂದ ಬಂದಿರಲಾರದು. ಅಲ್ಲಿ ಗೂಡಿತ್ತು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

"ಶ್ರೀಪಾದ ಅವರಿಗೆ ಈ ನಿಯಮ ಗೊತ್ತಾ?"

"ಸರ್ ಸೈನ್ ಮಾಡಿದ್ರು. ಓದಿಲ್ಲ." ನಿತಿನ್ ನಕ್ಕ. ನಗುವಿನಲ್ಲಿ ಹುಳಿ ಇತ್ತು. "ಸರ್ ತಲಾವ್‌ಗೆ, ಕೆರೆಗೆ ಬರೋದಿಲ್ಲ, ಆಂಟಿ. ಜೀಪ್‌ನಲ್ಲಿ ಎ.ಸಿ. ಇಲ್ಲ."

ಬಣ್ಣದ ವಿವರ ಪ್ರಬಂಧದಲ್ಲಿ ಇರಲಿಲ್ಲ. ಅದನ್ನು ಬರೆದುಕೊಂಡಿದ್ದ ಹಾಳೆಗಳು ವಿಂಧ್ಯಾಳ ಚೀಲದ ಜೊತೆ ನೀರಿನಲ್ಲಿ ಕರಗಿದ್ದವು. ಹಾಗಿದ್ದರೆ ಲೋಕದಲ್ಲಿ ಆ ಬಣ್ಣಗಳನ್ನು ಬಲ್ಲವನು ನಿತಿನ್ ಒಬ್ಬನೇ. ಆದರೆ ಶ್ರೀಪಾದ ದೀಪಾವಳಿಯ ಹೊತ್ತಿಗೆ ಮಣಿನಗರದ ಮನೆಗೆ ಬಂದಿದ್ದವರು, ಕಾಫಿ ಲೋಟ ಹಿಡಿದುಕೊಂಡೇ ಆ ಬಣ್ಣ ಹೇಳಿದ್ದರು. ಬಲಗಾಲಿಗೆ ಕೆಂಪು, ಎಡಗಾಲಿಗೆ ಮೇಲೆ ಹಳದಿ, ಕೆಳಗೆ ಹಸಿರು ಇದ್ದ ಮರಿಯನ್ನು ತಾವೇ ದೇವ್ಕಾ ಕೆರೆಯಲ್ಲಿ ನೋಡಿದೆವು; ವಿಂಧ್ಯಾ ಅಲ್ಲಿನ ಮರಿಗೆ ಬಳೆ ತೊಡಿಸಿ ರಾಣಾಸರ್ ಎಂದು ಬರೆದಿದ್ದಾಳೆ. ಗಿರಿಜಾಳ ಗಂಡ ಪದ್ಮನಾಭ ತಲೆ ತಗ್ಗಿಸಿಕೊಂಡು ಕೇಳಿದ್ದರು. ಗಿರಿಜಾಳೂ ಕೇಳಿದ್ದಳು. ಆಗ ಎಡವೇನು ಬಲವೇನು.

ಇದನ್ನು ಹೇಳಿದಾಗ ನಿತಿನ್ ಅವಳ ಬೆರಳಿನ ಕೆಂಪು ಬ್ಯಾಂಡನ್ನು ನೋಡಿದ.

"ರೈಟ್‌ನಲ್ಲಿ ರೆಡ್?"

"ಹಾಗಂದ್ರು."

"ಹಾಗೆ ಯಾವ ಪಕ್ಷಿನೂ ಇಲ್ಲ, ಆಂಟಿ. ಒಂದೂ ಇಲ್ಲ."

"ಎಡ ಬಲ ತಪ್ಪಿ ಹೇಳಿರಬಹುದಲ್ಲ."

"ಸರ್? ನಹೀ." ಮೊದಲ ವರ್ಷದ ಮೊದಲ ಪಾಠವೇ ಇದು ಎಂದ. ಎಡಬಲ ತಪ್ಪಿದವರು ಆ ದಿನ ತರಗತಿಗೆಲ್ಲ ಚಹಾ ತರಬೇಕು ಎಂದು ಕಟ್ಟಳೆ ಮಾಡಿದವರೇ ಶ್ರೀಪಾದ. ವಿಂಧ್ಯಾ ಮೊದಲ ವಾರವೆಲ್ಲ ಚಹಾ ತಂದಿದ್ದಳು. ಆಮೇಲೆ ಎಲ್ಲರಿಗೂ ಅದು ಉಸಿರಾಟದ ಹಾಗೆ ಆಗಿಹೋಯಿತು. ಈ ಕೆಲಸ ಕಲಿತವರು ಏನನ್ನು ಬೇಕಾದರೂ ತಪ್ಪುತ್ತಾರೆ, ಇದನ್ನಲ್ಲ.

ಗಲ್ಲೆಯ ಹಿಂದಿನಿಂದ ಚಂದ್ರಶೇಖರರು ಎದ್ದು ಬಂದರು. ವಜ್ರ ಉಜ್ಜುವ ಕಾರ್ಖಾನೆಗಳ ಹುಡುಗರು ಇಡ್ಲಿ ಮುಗಿಸಿ ಹೊರಡುವ ಹೊತ್ತು, ಗಲ್ಲೆ ಬಿಟ್ಟು ಬರುವ ಹೊತ್ತಲ್ಲ. ಆದರೂ ಬಂದು ಮಗನ ಹಿಂದೆ ನಿಂತರು.

"ಅಮ್ಮ, ನಿಮ್ಮ ಹೊಟ್ಟೆಯ ಸಂಕಟ ನಮಗೂ ಗೊತ್ತುಂಟು. ಆದ್ರೆ ಇವನನ್ನು ಇನ್ನು ಅದಕ್ಕೆ ಎಳೀಬೇಡಿ. ಇವ ಏನಾದ್ರೂ ಹೇಳಿದ್ರೆ ಪರ್ಮಿಟ್ ಇಲ್ಲದೆ ಹಕ್ಕಿ ಹಿಡಿದ ಅಂತ ಕೇಸು ಹಾಕ್ತೇನೆ ಅಂದಿದ್ದಾರೆ ಆ ಮೇಷ್ಟ್ರು."

"ನಾನು ಇವನನ್ನ ಎಲ್ಲಿಗೂ ಕರೆಯಲ್ಲ," ಎಂದಳು ಗಿರಿಜಾ. ಬೆರಳಿನಿಂದ ಬ್ಯಾಂಡುಗಳನ್ನು ಒಂದೊಂದಾಗಿ ಕಳಚಿ ಮೇಜಿನ ಮೇಲಿಟ್ಟಳು. ಕೊನೆಗೊಂದು ಮಾತು ಕೇಳಿದಳು. ಪೊಲೀಸರು ವಾಪಸು ಕೊಟ್ಟ ಕ್ಯಾಮೆರಾದಲ್ಲಿ ಫಿಲ್ಮ್ ಇರಲಿಲ್ಲವಲ್ಲ, ಅದರಲ್ಲಿ ಏನಿತ್ತು?

ಅದೇ ಮರಿ ಇತ್ತು ಎಂದ ನಿತಿನ್. ಬಳೆ ತೊಡಿಸಿದ ಮೇಲೆ ವಿಂಧ್ಯಾ ಎದುರಿನಿಂದ, ಹಿಂದಿನಿಂದ, ಪಕ್ಕದಿಂದ ತೆಗೆದಿದ್ದಳು. ಸ್ಲೈಡ್ ಫಿಲ್ಮು, ಬಾಂಬೆಗೆ ಕಳಿಸಿಯೇ ತೊಳೆಸಬೇಕು. ಅವನು ಚೌತಿಗೆಂದು ಊರಿಗೆ ಹೊರಟಾಗ ರೋಲಿನಲ್ಲಿ ಇನ್ನೂ ಒಂದೆರಡು ಫೋಟೋ ಬಾಕಿಯಿತ್ತು. ಆಮೇಲೆ ಏನಾಯಿತೋ ಅವನಿಗೆ ತಿಳಿಯದು. ಅವನ ಕಣ್ಣು ಕೆಂಪಾಯಿತು. ಚಂದ್ರಶೇಖರರು ಮಗನ ಭುಜದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಆ ಕೈಯನ್ನು ನೋಡುತ್ತ ಗಿರಿಜಾಗೆ ಹೊಟ್ಟೆಕಿಚ್ಚಾಯಿತು. ಆಗಬಾರದಿತ್ತು, ಆಯಿತು.

ವಡೋದರಾದ ರೈಲಿನಲ್ಲಿ ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಜಾಗ ಸಿಕ್ಕಿತು. ಸೂರತ್ ದಾಟುವವರೆಗೂ ಬೀದಿಬೀದಿಯಲ್ಲಿ ಗಾಳಿಪಟದ ದಾರಕ್ಕೆ ಗುಲಾಬಿ ಬಣ್ಣ ಹಚ್ಚಿ ಕಂಬದಿಂದ ಕಂಬಕ್ಕೆ ಎಳೆದಿದ್ದರು. ಉತ್ತರಾಯಣ ಹತ್ತಿರವಾಗಿತ್ತು. ಅಂಕಲೇಶ್ವರ ಬಂದಾಗ ಯಾರೂ ಹೇಳದೆಯೇ ಹೆಂಗಸರೆಲ್ಲ ಕಿಟಕಿ ಇಳಿಸಿ ಮೂಗಿಗೆ ದುಪಟ್ಟ ಹಿಡಿದರು. ಕಾರ್ಖಾನೆಗಳ ಆ ವಾಸನೆ ದಾಟಿದ ಮೇಲೆ ಮತ್ತೆ ಏರಿಸಿದರು. ನರ್ಮದೆಯ ಸೇತುವೆಯ ಮೇಲೆ ಪಕ್ಕದವಳು ನದಿಗೆ ಕಾಸು ಎಸೆದು ಕೈಮುಗಿದು, ನೀವೂ ಹಾಕಿ ಬೇನ್ ಎಂದಳು. ನೀರಿಗೆ ತಾನು ಹಾಕಿದ್ದು ಸಾಕು ಎಂದುಕೊಂಡು ಗಿರಿಜಾ ಕಿಟಕಿಯಿಂದ ಮುಖ ತಿರುಗಿಸಿದಳು.

ಇಲ್ಲದ ಹಕ್ಕಿಯನ್ನು ಒಬ್ಬ ಮನುಷ್ಯ ಹೇಗೆ ನೋಡುತ್ತಾನೆ? ಬಣ್ಣಗಳೆಲ್ಲ ಸರಿ. ಹಳದಿ ಮೇಲೆ, ಹಸಿರು ಕೆಳಗೆ, ಅದೂ ಸರಿ. ಎಡಬಲ ಮಾತ್ರ ಅದಲುಬದಲು. ಕನ್ನಡಿಯಲ್ಲಿ ನೋಡಿದ ಹಾಗೆ.

ಗಿರಿಜಾ ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಬಾವಲಿಗಳ ಮೇಲೆ ಸಂಶೋಧನೆಗೆ ಬಾ ಎಂದು ಅವಳ ಮೇಷ್ಟ್ರು ಕರೆದಿದ್ದರು. ಬಾವಲಿಗಿಂತ ಮೊದಲು ಬ್ಯಾಂಕಿನ ಗಂಡು ಬಂತು. ನಾಸಿಕ್, ಭೋಪಾಲ್, ಅಹಮದಾಬಾದ್ ಎಂದು ವರ್ಗವಾದಲ್ಲೆಲ್ಲ ಅವಳು ಪಾತ್ರೆ ಕಟ್ಟಿದಳು, ಬಿಚ್ಚಿದಳು. ಮಗಳು ತಾನು ಹಕ್ಕಿ ಓದುತ್ತೇನೆ ಎಂದಾಗ ಮನೆಯಲ್ಲಿ ಕುಣಿದಾಡಿದವಳು ತಾಯಿ ಒಬ್ಬಳೇ. ಅದಕ್ಕೇ ಈಗ ಎಲ್ಲರ ಕಣ್ಣು ತಾಯಿಯ ಮೇಲೆ. ನೀನೇ ಹಟ ಹಿಡಿದು ಕಳಿಸಿದೆ ಎಂದು ಪದ್ಮನಾಭ ಬಾಯಿಬಿಟ್ಟು ಒಮ್ಮೆಯೂ ಅಂದಿರಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಭರೂಚ್ ದಾಟಿದ ಮೇಲೆ ಅವಳಿಗೆ ನೆನಪಾಯಿತು. ಹಿಂದಿನ ವರ್ಷದ ರಜೆಯಲ್ಲಿ ವಿಂಧ್ಯಾ ಮನೆಗೆ ಸ್ಲೈಡುಗಳನ್ನು ತಂದಿದ್ದಳು. ಬಿಸ್ಕತ್ತಿನಷ್ಟು ಅಗಲದ ಚೌಕಟ್ಟುಗಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಅಲ್ವೇ, ಈ ಗುಡಿ ರಸ್ತೆಯ ಆ ಕಡೆ ಇರಬೇಕಲ್ಲ ಎಂದು ಗಿರಿಜಾ ಕೇಳಿದಾಗ ಮಗಳು ಬಿದ್ದುಬಿದ್ದು ನಕ್ಕಿದ್ದಳು. ಅಮ್ಮ, ಉಲ್ಟಾ ಹಿಡಿದಿದೀಯ. ಮಂಕಾಗಿರೋ ಮೈ ಆ ಕಡೆ, ಹೊಳೆಯೋ ಮೈ ನಿನ್ನ ಕಡೆ ಇರಬೇಕು. ಇಲ್ಲದಿದ್ದರೆ ಪ್ರಪಂಚವೇ ಎಡಬಲ ಆಗುತ್ತೆ.

ಗುಡಿಯ ಗುರುತಿದ್ದವರಿಗೆ ತಪ್ಪು ತಿಳಿಯುತ್ತದೆ. ನೀರು, ಹುಲ್ಲು, ಹಕ್ಕಿ ಇಷ್ಟೇ ಇದ್ದರೆ, ಆ ಜಾಗಕ್ಕೆ ಒಮ್ಮೆಯೂ ಹೋಗದವನಿಗೆ ಏನು ತಿಳಿಯಬೇಕು?

ಗಿರಿಜಾ ಸೀರೆಯ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು. ಚಳಿಯೇನೂ ಇರಲಿಲ್ಲ.

"ಬರ್ರಿ ವೈನಿ, ಕೂಡ್ರಿ. ಒಬ್ಬರೇ ಬಂದೀರಿ? ಪದ್ಮನಾಭರು ಬರಲಿಲ್ಲೇನು?"

ಡಾ. ಶ್ರೀಪಾದ ಧಾರವಾಡದ ಕಡೆಯವರು. ನಮ್ಮವರೊಬ್ಬರು ಅಲ್ಲಿದ್ದಾರೆ ಎಂಬ ಒಂದೇ ಧೈರ್ಯದ ಮೇಲೆ ವಿಂಧ್ಯಾಳನ್ನು ಇಲ್ಲಿಗೆ ಕಳಿಸಿದ್ದು. ಅವರ ಕೋಣೆಯ ಕಪಾಟಿನಲ್ಲಿ ಹತ್ತಿ ತುಂಬಿದ ಹಕ್ಕಿಗಳು ಸಾಲಾಗಿ ಅಂಗಾತ ಮಲಗಿದ್ದವು, ಕಾಲಿಗೆ ಚೀಟಿ ಕಟ್ಟಿಸಿಕೊಂಡು. ನುಸಿಗುಳಿಗೆಯ ವಾಸನೆಯನ್ನು ಗಿರಿಜಾ ಆಳವಾಗಿ ಒಳಗೆಳೆದುಕೊಂಡಳು. ತನ್ನ ವಯಸ್ಸು ಇದೇ ವಾಸನೆಯಲ್ಲಿ ಕಳೆಯಬಹುದಿತ್ತು.

ಸಮಿತಿಯವರು ಬರುವುದಕ್ಕೆ ಇನ್ನೂ ಹೊತ್ತಿದೆ ಎಂದರು ಶ್ರೀಪಾದ. ಚಹಾ ತರಿಸಿದರು. ತಮಗೂ ಇದು ಬೇಡವಾಗಿತ್ತು, ಆದರೆ ವಿಜ್ಞಾನದಲ್ಲಿ ದಾಕ್ಷಿಣ್ಯ ನಡೆಯುವುದಿಲ್ಲ, ಅವಳು ತಮಗೆ ಮಗಳಿದ್ದ ಹಾಗೆ ಎಂದೆಲ್ಲ ಹೇಳಿದರು. ಆ ಕೊನೆಯ ಮಾತಿಗೆ ಗಿರಿಜಾ ಕಪ್ಪನ್ನು ಕೈಗೆತ್ತಿಕೊಂಡಳು, ಕುಡಿಯಲಿಲ್ಲ.

"ನನಗೆ ಒಂದು ಅರ್ಥ ಆಗಬೇಕು ಶ್ರೀಪಾದ ಅವರೇ. ಆ ಮರಿಯನ್ನ ನೀವೇ ನೋಡಿದ್ರಾ?"

"ನಾನಽ ಕಣ್ಣಾರೆ ನೋಡೇನಿ. ದೇವ್ಕಾ ಕೆರಿಯೊಳಗ. ದುರ್ಬೀನು ಹಚ್ಚಿ ನೋಡೇನಿ."

"ಕೆಂಪು ಬಲಗಾಲಲ್ಲಿ."

"ಹೌದ್ರಿ. ಸಮಿತಿಗೂ ಹಂಗಽ ಹೇಳೇನಿ."

"ಯಾರ ಬಲ? ನಿಮ್ಮದಾ, ಹಕ್ಕಿದಾ?"

ಶ್ರೀಪಾದರ ಹುಬ್ಬು ಮೇಲೆ ಹೋಯಿತು. ಆಮೇಲೆ ಕನಿಕರದ ನಗು ಬಂತು.

"ವೈನಿ, ನನ್ನನ್ನ ಫಸ್ಟ್ ಇಯರ್ ಹುಡುಗನ್ನ ಮಾಡಿದ್ರಲ್ಲ. ಈ ಪಾಠ ಕಲಿಸಿ ಕಲಿಸಿ ನನ್ನ ಕೂದಲು ಬೆಳ್ಳಗಾಗ್ಯಾವ. ಹಕ್ಕೀದು. ಹಕ್ಕಿಯ ಬಲಗಾಲು. ಇದರಾಗ ನನ್ನ ತಪ್ಪು ಯಾವನೂ ಹಿಡದಿಲ್ಲ."

"ನಾನೂ ಅದನ್ನೇ ನಂಬಿದೀನಿ," ಎಂದಳು ಗಿರಿಜಾ.

ಕಪ್ಪನ್ನು ಕೆಳಗಿಟ್ಟಳು. ಎಡಗಾಲು ಕೆರೆಗೆ, ಬಲಗಾಲು ಮರಿಗೆ ಎಂಬ ನಿಯಮವನ್ನು ಹೇಳಿದಳು. ನೀವೇ ಸಹಿ ಹಾಕಿದ ನಿಯಮ ಎಂದಳು. ಬಲಗಾಲಿನಲ್ಲಿ ಕೆಂಪು ಬಳೆಯಿರುವ ಹಕ್ಕಿ ದೇವ್ಕಾದಲ್ಲೂ ಇಲ್ಲ, ರಾಣಾಸರ್‌ನಲ್ಲೂ ಇಲ್ಲ, ಗುಜರಾತಿನಲ್ಲೇ ಇಲ್ಲ. ಅದು ಇರುವುದು ಒಂದೇ ಕಡೆ. ಮಂಕು ಮೈಯನ್ನು ತನ್ನ ಕಡೆ ಮಾಡಿ ಹಿಡಿದ ಸ್ಲೈಡಿನಲ್ಲಿ. ಅವಳ ದನಿ ಏರಲಿಲ್ಲ. ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದಾಗಿನ ದನಿ ಅದು.

"ರಾಣಾಸರ್‌ಗೆ ನೀವು ಒಂದು ದಿನ ಹೋಗಿದ್ದಿದ್ರೂ ತಪ್ಪು ಗೊತ್ತಾಗ್ತಿತ್ತು. ನೀವು ಅಲ್ಲಿಗೆ ಹೋಗಿಲ್ಲ. ದೇವ್ಕಾಗೂ ಹೋಗಿಲ್ಲ. ವಿಂಧ್ಯಾ ತೆಗೆದ ಫೋಟೋನೇ ನೋಡಿಕೊಂಡು ವಿಂಧ್ಯಾನ ಸುಳ್ಳಿ ಮಾಡಿದ್ರಿ."

ಶ್ರೀಪಾದ ಬಾಗಿಲ ಕಡೆ ನೋಡಿದರು. ಎದ್ದು ಹೋಗಿ ಅದನ್ನು ಮುಚ್ಚಿದರು. ವಾಪಸು ಬಂದು ಕುಳಿತಾಗ ಮುಖದಲ್ಲಿ ಗಾಬರಿ ಇರಲಿಲ್ಲ, ದಣಿವಿತ್ತು, ಅಷ್ಟೆ. ಅದು ಗಿರಿಜಾಗೆ ಹಿಡಿಸಲಿಲ್ಲ.

"ಯಾಕೆ ಅಂತ ಹೇಳಿ," ಎಂದಳು.

ಅವರು ಮುಚ್ಚುಮರೆ ಮಾಡಲಿಲ್ಲ. ನರೋಡಾದ ಒಂದು ರಾಸಾಯನಿಕ ಕಾರ್ಖಾನೆಗೆ ರಾಣಾಸರ್ ಸುತ್ತಲಿನ ಜಮೀನು ಬೇಕಾಗಿತ್ತು. ಅಲ್ಲಿ ಹೇಳಿಕೊಳ್ಳುವಂಥ ಹಕ್ಕಿಯಿಲ್ಲ ಎಂದು ಬರೆದುಕೊಟ್ಟವರು ಶ್ರೀಪಾದ. ಬರೆದದ್ದು ಬೇಸಗೆಯಲ್ಲಿ, ಕೆರೆ ಒಣಗಿದ್ದಾಗ. ಮಳೆ ಬಂದ ಮೇಲೆ ಅವರದೇ ವಿದ್ಯಾರ್ಥಿನಿ ಅದೇ ಕೆರೆಯಲ್ಲಿ ಗೂಡು ಕಂಡಳು, ಮರಿ ಹಿಡಿದಳು, ಬಳೆಯನ್ನೂ ತೊಡಿಸಿದಳು. ಬಾಯಿ ಮುಚ್ಚಿಕೊಂಡಿರು ಎಂದರೆ ಕೇಳುವವಳಲ್ಲ.

"ಹಕ್ಕಿಗೆ ಬ್ಯಾರೆ ಕೆರಿ ಸಿಗತಾವ, ವೈನಿ. ಮನಷ್ಯಾಗ ಬ್ಯಾರೆ ನೌಕರಿ ಸಿಗೂದಿಲ್ಲ. ನಿಮ್ಮ ಚೇತನ್‌ನ ಅನ್ನಾನೂ ಅದಽ ಕಾರ್ಖಾನ್ಯಾಗ ಅದ ಅಲ್ಲ?"

ಚೇತನ್ ಅವಳ ಹಿರಿಯ ಮಗ. ಆ ಕಾರ್ಖಾನೆಯಲ್ಲಿ ಶಿಫ್ಟ್ ಎಂಜಿನಿಯರ್. ಹೌದು, ಅನ್ನ ಅಲ್ಲಿಯೇ ಇತ್ತು. ಗಿರಿಜಾ ಮೇಜಿನ ಮೇಲೆ ಕೈ ಚಾಚಿದಳು.

"ಸ್ಲೈಡುಗಳನ್ನ ಕೊಡಿ. ಕದ್ದದ್ದನ್ನ ವಾಪಸು ಕೊಡಿ."

ಮೇಜಿನ ಖಾನೆ ಎಳೆದು ಶ್ರೀಪಾದ ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ ತೆಗೆದರು. ತಾವಾಗಿಯೇ ಅವಳ ಮುಂದೆ ಸರಿಸಿದರು.

"ತೊಗೋರಿ. ಆದ್ರ ಕದ್ದೆ ಅನಬ್ಯಾಡ್ರಿ. ವಿಂಧ್ಯಾ ಯಾವಾಗಲೂ ಮನಿ ವಿಳಾಸನಽ ಬರದು ರೋಲು ಕಳಸತಿದ್ಲು; ಬಾಂಬೇದಿಂದ ಟಪಾಲಿನ್ಯಾಗ ಇವು ನಿಮ್ಮ ಮನಿಗೆ ಬಂದಿದ್ವು. ನಿಮ್ಮ ಮನಿಯವರಽ ತಂದು ನನ್ನ ಕೈಯಾಗ ಇಟ್ಟಾರ."

ಕಪಾಟಿನ ಹಕ್ಕಿಗಳ ಕಣ್ಣಿನಲ್ಲಿ ಹತ್ತಿ ಇಣುಕುತ್ತಿತ್ತು. ಗಿರಿಜಾ ಅವನ್ನೇ ನೋಡುತ್ತ ಕುಳಿತಳು. ಸುಳ್ಳು ಹೇಳುತ್ತಿದ್ದಾರೆ ಎನ್ನಬೇಕೆಂದು ಬಾಯಿ ತೆರೆದಳು. ಆದರೆ ಅವಳು ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ತಿಂಗಳು, ಬರುವ ಅವಸರವಿಲ್ಲ, ಇನ್ನೂ ಸ್ವಲ್ಪ ದಿನ ಇದ್ದು ಬಾ ಎಂದು ಪದ್ಮನಾಭ ಮತ್ತೆ ಮತ್ತೆ ಫೋನು ಮಾಡಿದ್ದರು. ಎಂದೂ ಹಾಗೆ ಹೇಳಿದ ಮನುಷ್ಯರಲ್ಲ. ದುಃಖಕ್ಕೆ ಮೆತ್ತಗಾಗಿದ್ದಾರೆ ಎಂದು ಅವಳು ತಿಳಿದಿದ್ದಳು.

"ಯಾರಿಗೂ ತೋರಸಬ್ಯಾಡ್ರಿ, ಇಟಗೋರಿ ಅಂದ್ರು. ಯಾಕಂತ ನಾ ಕೇಳಲಿಲ್ಲ. ನನಗ ಉಪಯೋಗ ಆತು, ಬಳಸಿದೆ." ಶ್ರೀಪಾದ ಪೆಟ್ಟಿಗೆಯ ಮುಚ್ಚಳ ತೆರೆದರು. ಸಣ್ಣ ಸಣ್ಣ ಮನೆಗಳಲ್ಲಿ ಸ್ಲೈಡುಗಳು ನಿಂತಿದ್ದವು. ಕೊನೆಯ ಮನೆ ಖಾಲಿ. "ಕಡೀದು ನನ್ನ ಕಡೆ ಬರಲೇ ಇಲ್ಲ. ತಗದು ಇಟಗೊಂಡಽ ಕೊಟ್ಟಾರ. ಇವನ್ನ ಸಮಿತಿ ಮುಂದ ಇಡ್ರಿ. ನನ್ನ ಮಾತು ಸುಳ್ಳಾಗ್ತದ, ನಿಮ್ಮ ಮಗಳ ಹೆಸರು ಉಳೀತದ. ನಾ ತಡಿಯೂದಿಲ್ಲ. ಆದ್ರ ಕಡೀದು ಎಲ್ಲಿ ಅಂತ ಅವರು ಕೇಳತಾರ. ಮನೀಗೆ ಒಂದು ಫೋನು ಮಾಡಿ ಕೇಳಿಕೊಂಡು ಇಡ್ರಿ. ಅಷ್ಟಽ ನಾ ಹೇಳೂದು."

ಕೇಂದ್ರದ ಗೇಟಿನೆದುರು ಎಸ್.ಟಿ.ಡಿ. ಬೂತು ಇತ್ತು. ಗಾಜಿನ ಗೂಡಿನಲ್ಲಿ ಹಿಂದಿನವರ ಬೆವರಿನ ವಾಸನೆ. ಗಿರಿಜಾ ಬ್ಯಾಂಕಿನ ನಂಬರು ತಿರುಗಿಸಿದಳು. ಯಾರೋ ಗುಜರಾತಿಯಲ್ಲಿ ಎತ್ತಿಕೊಂಡು ಮೆಹ್ತಾನೋ ಪಟೇಲನೋ ಯಾರನ್ನೋ ಕೂಗಿದರು, ಆಮೇಲೆ ಪದ್ಮನಾಭ ಬಂದರು. ಎಲ್ಲಿದೀಯ, ಊಟ ಆಯ್ತಾ ಎಂದು ಕೇಳಿದರು.

"ಪೆಟ್ಟಿಗೆ ಸಿಕ್ತು," ಎಂದಳು. "ಕೊನೇದು ಇಲ್ಲ."

ಅತ್ತ ಕಡೆಯಿಂದ ಟೈಪ್‌ರೈಟರುಗಳ ಸದ್ದು ಮಾತ್ರ ಬಂತು. ಆಮೇಲೆ ಪದ್ಮನಾಭ ದನಿ ತಗ್ಗಿಸಿ, ಯಾರೋ ಒರಗಿ ನಿಂತು ಕೇಳುತ್ತಿದ್ದಾರೆ ಎಂಬಂತೆ, ಒಂದೊಂದೇ ಹೇಳಿದರು. ಶ್ರೀಪಾದ ನಮ್ಮವರು, ಸುಮ್ಮನೆ ಒಳಗಿಟ್ಟುಕೊಳ್ಳುತ್ತಾರೆ ಎಂದುಕೊಂಡೆ. ಮಗುವಿನ ಹೆಸರಿಗೇ ಮಸಿ ಹಚ್ಚುತ್ತಾರೆ ಎಂದು ತಿಳಿದಿರಲಿಲ್ಲ. ತಿಳಿದ ಮೇಲೆ ಕೇಳುವುದಕ್ಕೆ ನನಗೆ ಬಾಯಿಯೇ ಇರಲಿಲ್ಲ.

"ಕೊನೇದರಲ್ಲಿ ಏನಿದೆ?"

"ಅವಳೇ ಇದಾಳೆ."

"ಅವಳು ಹೇಗೆ ಇರ್ತಾಳೆ? ಕ್ಯಾಮೆರಾ ಅವಳ ಕೈಲಿ ಇತ್ತು."

"ಅವಳ ಕೈಲಿ ಇಲ್ಲ. ಮೊಣಕಾಲುದ್ದ ನೀರಲ್ಲಿ ನಿಂತು ನಗ್ತಾ ಇದಾಳೆ. ಆ ನೀಲಿ ಚೂಡಿದಾರ." ಪದ್ಮನಾಭರ ದನಿ ಒಡೆಯಿತು. ನೀಲಿ ಚೂಡಿದಾರದಲ್ಲೇ ಅವಳನ್ನು ನೀರಿನಿಂದ ಎತ್ತಿದ್ದು. "ಹಿಂದೆ ಏರಿ ಮೇಲೆ ಸ್ಕೂಟರ್ ನಿಂತಿದೆ. ನಂಬರು ಓದಬಹುದು. ನಮ್ಮ ಮನೇದೇ, ಗಿರಿಜಾ."

ಪದ್ಮನಾಭ ಸ್ಕೂಟರ್ ಓಡಿಸಲು ಕಲಿತವರೇ ಅಲ್ಲ. ಚೌತಿಯ ದಿನ ತನಗೆ ನರೋಡಾದಲ್ಲಿ ಎರಡು ಶಿಫ್ಟ್ ಎಂದು ಹೇಳಿ, ಕಡುಬನ್ನೂ ತಿನ್ನದೆ, ಚೇತನ್ ಬೆಳಿಗ್ಗೆಯೇ ಮನೆ ಬಿಟ್ಟಿದ್ದ. ಮರುದಿನ ತಂಗಿಯ ಗುರುತು ಹೇಳುವುದಕ್ಕೆ ಆಸ್ಪತ್ರೆಗೆ ಹೋದವನೂ ಅವನೇ. ತಾಯಿಯನ್ನು ಹಿಡಿದುಕೊಂಡು ಅತ್ತವನೂ ಅವನೇ.

"ಅವನನ್ನ ಕೇಳಿದ್ರಾ?"

"ಇಲ್ಲ."

"ಯಾಕೆ?"

"ಕೇಳಿದ್ರೆ ಹೇಳ್ತಾನೆ." ಉಸಿರಿನ ಸದ್ದು ಕೇಳಿಸಿತು. "ಒಬ್ಬಳನ್ನ ಕಳ್ಕೊಂಡಾಗಿದೆ. ಇನ್ನೊಬ್ಬನ್ನ ನೀನೇ ಕೈಯಾರೆ ಕೊಟ್ಟುಬಿಡ್ತೀಯಾ?"

ಗಿರಿಜಾ ರಿಸೀವರನ್ನು ಅದರ ಜಾಗದಲ್ಲಿಟ್ಟಳು. ಗಾಜಿನ ಬಾಗಿಲು ತಳ್ಳಿ ಹೊರಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಎದುರಿನ ಗೇಟಿನಲ್ಲಿ ಕೇಂದ್ರದ ಜವಾನ ನಿಂತು ಅವಳ ಕಡೆಗೇ ಕೈ ಬೀಸುತ್ತಿದ್ದ, ಸಮಿತಿ ಕುಳಿತಾಗಿತ್ತು. ಅವನ ಹಿಂದೆ, ಮಹಡಿಯ ಕಿಟಕಿಯಲ್ಲಿ, ಶ್ರೀಪಾದ ಅವಳ ಕೈಯಲ್ಲಿದ್ದ ಬಿಳಿ ಪೆಟ್ಟಿಗೆಯನ್ನು ನೋಡುತ್ತಿದ್ದರು.

ಅವಳ ಪಕ್ಕಕ್ಕೆ ಒಂದು ಆಟೋ ಬಂದು ನಿಂತಿತು. ಮುದುಕ ಡ್ರೈವರು ತಲೆ ಹೊರಗೆ ಹಾಕಿದ.

"ಸ್ಟೇಷನ್ ಜವುಂ ಛೇ, ಬೇನ್?"